ಗೋಡೆಯೊಳಗೆ ನುಗ್ಗಿದ ಮಾರಿಯೋ: ನಿಮ್ಮ ಅಣ್ಣ ಬುರುಡೆ ಬಿಟ್ಟಿರಲಿಲ್ಲ

ಓದುಗರ ಪ್ರಶ್ನೆ: ‘ತೊಂಬತ್ತರ ದಶಕದ ಕೊನೆಯಲ್ಲಿ ಬೇಸಿಗೆ ರಜೆಗೆ ಚಿತ್ರದುರ್ಗದ ದೊಡ್ಡಮ್ಮನ ಮನೆಗೆ ಹೋಗುತ್ತಿದ್ದೆವು. ಅಲ್ಲೊಂದು ಟಿವಿ ಗೇಮ್ ಇತ್ತು, ಜೊತೆಗೆ “9999 ಇನ್ 1” ಎಂದು ಬರೆದ ಹಳದಿ ಕ್ಯಾಸೆಟ್. ದೊಡ್ಡಮ್ಮನ ಮಗ ಮಾರಿಯೋ ಆಟದ ಎರಡನೇ ಹಂತದಲ್ಲಿ ಗೋಡೆಯೊಳಗೆ ನುಗ್ಗಿ, ಎಷ್ಟು ಈಜಿದರೂ ಮುಗಿಯದ ನೀರಿನ ಲೋಕಕ್ಕೆ ಹೋಗಿದ್ದೆ ಎಂದು ಆಣೆ ಇಟ್ಟು ಹೇಳುತ್ತಿದ್ದ. ಮತ್ತೆ ಮಾಡಿ ತೋರಿಸು ಅಂದರೆ ಆಗುತ್ತಿರಲಿಲ್ಲ. ಬುರುಡೆ ಬಿಡ್ತಾನೆ ಎಂದು ನಾವೆಲ್ಲ ಆಡಿಕೊಂಡೆವು. ಮೊನ್ನೆ ಏಳನೇ ತರಗತಿಯ ನನ್ನ ಮಗಳು, ಯಾವುದೋ ಹಳೆಯ ಬಾಕ್ಸಿಂಗ್ ಆಟದಲ್ಲಿ 28 ವರ್ಷ ಯಾರಿಗೂ ಗೊತ್ತಾಗದ ಕೋಡ್ ಸಿಕ್ಕಿತಂತೆ ಎಂದಳು. ಅಷ್ಟೊಂದು ಜನ ಆಡಿದ ಆಟದಲ್ಲಿ ಅಷ್ಟು ವರ್ಷ ಗುಟ್ಟು ಉಳಿಯಲು ಸಾಧ್ಯವೇ? ಅಣ್ಣ ಹೇಳಿದ್ದೂ ನಿಜವಿರಬಹುದೇ? ಆ ಯಂತ್ರ ಈಗ ನಮ್ಮ ಅಟ್ಟದಲ್ಲಿದೆ. ಚಾಲೂ ಮಾಡಿ ನೋಡಬಹುದೇ? “ಎಲ್ಲ ರಹಸ್ಯ ತೆರೆದ ಮಾರಿಯೋ” ಎಂಬ ಆ್ಯಪ್ ಹಾಕಿಕೊಡು ಎಂದು ಮಗಳು ಹಟ ಹಿಡಿದಿದ್ದಾಳೆ. ಹಾಕಿಕೊಡಲೇ?’

ಉತ್ತರ:

ನಿಮ್ಮ ಅಣ್ಣ ಹೇಳಿದ್ದು ನಿಜ ಎಂದೇ ನನಗೆ ಅನಿಸುತ್ತದೆ. ಹಳೆಯ ಗೇಮ್ ಯಂತ್ರಗಳನ್ನು ರಿಪೇರಿ ಮಾಡುವುದು, ಕ್ಯಾಸೆಟ್‌ನೊಳಗಿನ ಪ್ರೋಗ್ರಾಂ ಓದಿ ಉಳಿಸಿಡುವುದು ನನ್ನ ಕೆಲಸ. ಅಂಗಡಿಗೆ ಯಂತ್ರ ತರುವವರಲ್ಲಿ ಎಷ್ಟೋ ಮಂದಿ ಇಂಥದ್ದೇ ಒಂದು ಕಥೆಯನ್ನೂ ತರುತ್ತಾರೆ. ಕೇಳಿದಾಗ ನಾನು ಮೊದಲು ನೋಡುವುದು ಕಥೆಯ ಕೊನೆಯನ್ನು. ಮಕ್ಕಳು ಕಟ್ಟಿದ ಕಥೆಯಾದರೆ ಕೊನೆಯಲ್ಲೊಂದು ಬಹುಮಾನ ಇರುತ್ತದೆ: ಚಿನ್ನದ ಮಾರಿಯೋ, ಹೊಸ ರಾಜಕುಮಾರಿ, ಲೆಕ್ಕವಿಲ್ಲದಷ್ಟು ಲೈಫ್. ನಿಮ್ಮ ಅಣ್ಣನ ಕಥೆಯಲ್ಲಿ ಅಂಥದ್ದೇನೂ ಇಲ್ಲ. ನೀರು ಮುಗಿಯಲೇ ಇಲ್ಲ, ಅಷ್ಟೆ. ಆ ಜಾಗ ಇರುವುದೂ ಹಾಗೆಯೇ. ಆಡುವವರು ಅದನ್ನು ‘ಮೈನಸ್ ವರ್ಲ್ಡ್’ ಎನ್ನುತ್ತಾರೆ, ಏಕೆಂದರೆ ಪರದೆಯ ಮೇಲೆ ಲೋಕದ ಹೆಸರು ‘-1’ ಎಂದು ಕಾಣುತ್ತದೆ.

ಹೋಗುವ ದಾರಿ ಇದು. 1-2, ಎಂದರೆ ಮೊದಲ ಲೋಕದ ಎರಡನೇ ಹಂತ, ಎಂಬ ನೆಲದಡಿಯ ಹಂತದ ಕೊನೆಯಲ್ಲಿ, ಹೊರಗೆ ಹೋಗುವ ಅಡ್ಡ ಪೈಪ್‌ನ ಮೇಲ್ಗಡೆ ಇಟ್ಟಿಗೆಗಳ ಸಾಲಿದೆ. ಬಲತುದಿಯಲ್ಲಿ ಗೋಡೆಗೆ ಅಂಟಿದ ಇಟ್ಟಿಗೆಯನ್ನು ಬಿಟ್ಟು, ಅದರ ಪಕ್ಕದ ಎರಡನ್ನು ಒಡೆಯಬೇಕು. ಪೈಪ್‌ನ ಎಡ ಅಂಚಿನಲ್ಲಿ ಎಡಕ್ಕೆ ಮುಖ ಮಾಡಿ ನಿಂತು, ಕುಕ್ಕರಗಾಲಲ್ಲಿ ಮೇಲಕ್ಕೆ ಹಾರಿ, ಬಲಕ್ಕೆ ಒತ್ತಬೇಕು. ಜಾಗ ಮತ್ತು ಹೊತ್ತು ಎರಡೂ ಸರಿಯಾಗಿ ಕೂಡಿದರೆ ಮಾರಿಯೋ ಆ ಇಟ್ಟಿಗೆಯೊಳಗೆ ಸಿಕ್ಕಿ, ಗೋಡೆಯನ್ನು ತೂರಿಕೊಂಡು ತಾನೇ ಬಲಕ್ಕೆ ಜಾರುತ್ತಾನೆ. ಆಚೆ ಇರುವುದು ಮೂರು ಪೈಪ್‌ಗಳ ಕೋಣೆ. ಇನ್ನೂ ಮುಂದೆ ಓಡಿ ಪರದೆ ಸರಿಯಲು ಬಿಡದೆ, ಎಡಗಡೆಯ ಮೊದಲ ಪೈಪ್‌ಗೆ ಇಳಿದರೆ ನೀರಿನ ಲೋಕ.

ಅವನು ಮತ್ತೆ ಮಾಡಿ ತೋರಿಸಲಾಗದೆ ಇದ್ದುದರಲ್ಲಿ ಆಶ್ಚರ್ಯವಿಲ್ಲ. ನಿಲ್ಲುವ ಜಾಗ ಒಂದೆರಡು ಚುಕ್ಕಿ ಆಚೀಚೆಯಾದರೂ, ಬಲಗುಂಡಿ ರೆಪ್ಪೆ ಮಿಟುಕುವಷ್ಟು ತಡವಾದರೂ ಗೋಡೆ ಗೋಡೆಯಾಗಿಯೇ ಉಳಿಯುತ್ತದೆ. ಮಾರಿಯೋನ ಇಡೀ ಮೈ ಯಾವುದಕ್ಕಾದರೂ ತಾಕಿತೇ ಎಂದು ಆಟ ಪರೀಕ್ಷಿಸುವುದಿಲ್ಲ. ತಲೆ, ಕಾಲು, ಪಕ್ಕೆಗಳ ಬಳಿ ಕೆಲವೇ ಬಿಂದುಗಳನ್ನು ನೋಡುತ್ತದೆ. ಅಷ್ಟು ಬಿಂದುಗಳೂ ತಪ್ಪಿಸಿಕೊಂಡ ಗಳಿಗೆಯಲ್ಲಿ ಅವನು ಇಟ್ಟಿಗೆಯ ಒಳಗಿರುತ್ತಾನೆ. ಆಮೇಲೆ ಆಟಕ್ಕೆ ಎಚ್ಚರವಾಗಿ ಅವನನ್ನು ಹೊರದಬ್ಬುತ್ತದೆ, ಆದರೆ ದಬ್ಬುವುದು ಗೋಡೆಯ ಕಡೆಗೆ.

ಇನ್ನು ಆ ಲೋಕ ಎಲ್ಲಿಂದ ಬಂತು? ಯಾರೂ ಅದನ್ನು ಅಡಗಿಸಿಟ್ಟಿರಲಿಲ್ಲ ಎಂಬುದೇ ಇದರಲ್ಲಿ ನನಗೆ ತುಂಬ ಇಷ್ಟವಾದ ಸಂಗತಿ. 1985ರ ಸೆಪ್ಟೆಂಬರ್‌ನಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಸೂಪರ್ ಮಾರಿಯೋ ಬ್ರದರ್ಸ್‌ನ ಒಟ್ಟು ಗಾತ್ರ 40 ಕಿಲೊಬೈಟ್: 32 ಕಿಲೊಬೈಟ್ ಪ್ರೋಗ್ರಾಂ, 8 ಕಿಲೊಬೈಟ್ ಚಿತ್ರ. ಈಗ ವಾಟ್ಸ್ಆ್ಯಪ್‌ನಲ್ಲಿ ಬರುವ ಒಂದು ಫೋಟೊ ಇದಕ್ಕಿಂತ ದೊಡ್ಡದಿರುತ್ತದೆ. ಹಾಗಾಗಿ ಎಲ್ಲದರಲ್ಲೂ ಉಳಿತಾಯ. ಆಟದಲ್ಲಿರುವ ಮೋಡವನ್ನೂ ಪೊದೆಯನ್ನೂ ಒಮ್ಮೆ ಒಟ್ಟಿಗೆ ನೋಡಿ, ಎರಡೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ. ಪೈಪ್‌ಗಳ ಕೋಣೆಯಲ್ಲೂ ಅದೇ ಜಿಪುಣತನ. ಪೈಪ್‌ನ ಮೇಲೆ ತೋರಿಸುವ ಅಂಕಿ ಮತ್ತು ಆ ಪೈಪ್ ಕರೆದೊಯ್ಯುವ ಲೋಕ, ಎರಡಕ್ಕೂ ಒಂದೇ ಸಂಖ್ಯೆ. ಅಂಥ ಸಂಖ್ಯೆಗಳ ಮೂರು ಗುಂಪುಗಳಿವೆ: 4-3-2, ಖಾಲಿ-5-ಖಾಲಿ, 8-7-6. ಮಧ್ಯದ ಗುಂಪು ಒಂದೇ ಪೈಪ್ ಇರುವ ಕೋಣೆಗೆ ಸೇರಿದ್ದು, ಆದ್ದರಿಂದ ಅಕ್ಕಪಕ್ಕ ಖಾಲಿ. ಖಾಲಿ ಜಾಗ ತೋರಿಸಲು ಆಟ ಬಳಸುವ ಚಿತ್ರದ ಸಂಖ್ಯೆ 36.

ಮಾಮೂಲಿ ದಾರಿಯಲ್ಲಿ, ಅಂದರೆ ಚಾವಣಿಯ ಮೇಲೆ ಓಡಿಕೊಂಡು ಹೋದರೆ, ಪರದೆ ಸಾಕಷ್ಟು ಸರಿದು ಸ್ವಾಗತದ ಸಾಲು ಮೂಡುತ್ತದೆ, ಆಗ ಮೊದಲ ಗುಂಪು ಜಾರಿಗೆ ಬರುತ್ತದೆ. ಗೋಡೆ ತೂರಿ ಬಂದವನಿಗೆ ಪರದೆ ಅಷ್ಟು ಸರಿದಿರುವುದಿಲ್ಲ. ಆಟದ ಕೈಗೆ ಸಿಗುವುದು ಮಧ್ಯದ ಗುಂಪು. ಎಡ ಪೈಪ್‌ಗೆ ಇಳಿದರೆ ಲೋಕ ಸಂಖ್ಯೆ 36. ಪರದೆಯ ಮೇಲೆ ‘36-1’ ಎಂದು ಬರೆಯಬೇಕಾದಲ್ಲಿ 36ನೆಯ ಚಿತ್ರ, ಎಂದರೆ ಖಾಲಿ, ಬರುತ್ತದೆ. ಉಳಿದದ್ದು ‘-1’. ಅಲ್ಲಿ ಮೈನಸ್ ಏನೂ ಇಲ್ಲ, ಅದು ಬರೀ ಅಡ್ಡಗೆರೆ.

ಆಟದಲ್ಲಿರುವ ಲೋಕಗಳು ಎಂಟೇ. ಎಂಟು ಮಕ್ಕಳ ತರಗತಿಯಲ್ಲಿ ಮೇಷ್ಟ್ರು 36ನೇ ನಂಬರ್ ಕೂಗಲು ಹೋಗಿ ಹಾಜರಿ ಪುಸ್ತಕದಲ್ಲಿ ಬೇರೆ ತರಗತಿಯ ಪುಟಕ್ಕೆ ಬಂದುಬಿಟ್ಟರೆ ಹೇಗೋ ಹಾಗೆ, ಆಟ ತನ್ನ ಪಟ್ಟಿಯ ಆಚೆಗೆ ಓದುತ್ತದೆ. ಅಲ್ಲಿ ಸಿಕ್ಕ ಸಂಖ್ಯೆ 2-2 ಮತ್ತು 7-2ರಲ್ಲಿ ಬರುವ ನೀರಿನ ನಕ್ಷೆಯನ್ನು ತೋರಿಸುತ್ತದೆ. ಆದರೆ ಕೊನೆಯ ಪೈಪ್ ಹೊರಗೆ ಬಿಡದೆ ಮತ್ತೆ ಅದೇ ನೀರಿನ ಮೊದಲಿಗೆ ತಂದು ಹಾಕುತ್ತದೆ. ಲೈಫ್ ಎಲ್ಲ ಮುಗಿದು ಸಾಯುವುದೊಂದೇ ದಾರಿ. ಜಪಾನಿನಲ್ಲಿ 1986ರಲ್ಲಿ ಬಂದ ಡಿಸ್ಕ್ ಆವೃತ್ತಿಯಲ್ಲಿ ಪಟ್ಟಿಯ ಆಚೆ ಬೇರೆಯದೇ ಸಂಖ್ಯೆಗಳಿದ್ದುದರಿಂದ ಅಲ್ಲಿ ಮೂರು ವಿಚಿತ್ರ ಹಂತಗಳಿವೆ, ಅವು ಮುಗಿಯುತ್ತವೆ ಕೂಡ. ನಮ್ಮ ಕಡೆಯ ಕ್ಯಾಸೆಟ್‌ಗಳಲ್ಲಿ ಸಾಮಾನ್ಯವಾಗಿ ಸಿಗುವುದು ಮುಗಿಯದ ನೀರೇ.

ಒಂದು ಅನುಮಾನವನ್ನು ಮಾತ್ರ ಪಕ್ಕಕ್ಕೆ ಇಟ್ಟಿರುತ್ತೇನೆ. ನಿಮ್ಮದು ‘9999 ಇನ್ 1’. ಅಂಥ ಕ್ಯಾಸೆಟ್‌ನಲ್ಲಿ ನಿಜವಾಗಿ ಇರುವುದು ಬೆರಳೆಣಿಕೆಯ ಆಟಗಳು. ಮೆನುವಿನಲ್ಲಿ ಅವೇ ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತವೆ, ಒಂದು ನಂಬರ್ ಒತ್ತಿದರೆ ಕಾಂಟ್ರಾ ಮೂವತ್ತು ಲೈಫ್‌ನಿಂದ, ಇನ್ನೊಂದು ಒತ್ತಿದರೆ ಮಾರಿಯೋ ಐದನೇ ಲೋಕದಿಂದ. ಕೆಲವರು ‘ಮಾರಿಯೋ 14’ ಆಡಿದ್ದನ್ನೂ ನೆನೆಯುತ್ತಾರೆ. ಅದು ಬೇರೊಂದು ಕಂಪನಿಯ ನಿಂಜಾ ಆಟಕ್ಕೆ ಮಾರಿಯೋನ ಮುಖ ಅಂಟಿಸಿದ್ದು. ಹೀಗೆ ಶುರುವಿನ ಲೋಕವನ್ನೇ ತಿದ್ದಿದ ನಂಬರ್ ಒತ್ತಿದವರು ಎಂಟರಾಚೆಯ ಯಾವುದೋ ಲೋಕಕ್ಕೆ ನೇರವಾಗಿ ಬಿದ್ದಿರಲೂಬಹುದು. ಅಣ್ಣನನ್ನು ಒಂದು ಮಾತು ಕೇಳಿ: ಗೋಡೆಯೊಳಗೆ ಹೋಗಿದ್ದು ನೆನಪಿದೆಯೇ, ಅಥವಾ ನೀರು ಮಾತ್ರವೇ? ಗೋಡೆ ನೆನಪಿದ್ದರೆ ಅನುಮಾನಕ್ಕೆ ಜಾಗವೇ ಇಲ್ಲ.

ಮಗಳು ಹೇಳಿದ ಬಾಕ್ಸಿಂಗ್ ಆಟ ಸೂಪರ್ ಪಂಚ್-ಔಟ್, 1994ರದ್ದು. ಅವಳು ಹೇಳಿದ್ದೂ ನಿಜ. ಒಬ್ಬರೇ ಆಡುವ ಆಟ ಅದು ಎಂದೇ ಎಲ್ಲರೂ ತಿಳಿದಿದ್ದರು. 2022ರಲ್ಲಿ ಹೊರಬಿದ್ದ ಸಂಗತಿ ಏನೆಂದರೆ, ಎರಡನೇ ಕಂಟ್ರೋಲರ್‌ನಲ್ಲಿ ವೈ ಮತ್ತು ಆರ್ ಗುಂಡಿ ಒತ್ತಿ ಹಿಡಿದು, ಮೊದಲ ಪರದೆಯಲ್ಲಿ ಮೊದಲನೆಯದರ ಸ್ಟಾರ್ಟ್ ಒತ್ತಿದರೆ ಎಲ್ಲ ಎದುರಾಳಿಗಳ ಪಟ್ಟಿ ತೆರೆದುಕೊಳ್ಳುತ್ತದೆ. ಒಬ್ಬನನ್ನು ಆರಿಸಿ, ಎರಡನೇ ಕಂಟ್ರೋಲರ್‌ನ ಬಿ ಮತ್ತು ವೈ ಹಿಡಿದರೆ ಆ ಎದುರಾಳಿಯನ್ನು ಇನ್ನೊಬ್ಬರು ಆಡಿಸಬಹುದು. ಒಬ್ಬರೇ ಆಡುವ ಆಟಕ್ಕೆ ಎರಡನೇ ಕಂಟ್ರೋಲರ್ ಯಾರು ಕೈಗೆತ್ತಿಕೊಳ್ಳುತ್ತಾರೆ? ಎತ್ತಿಕೊಂಡರೂ ಒಂದೊಂದರಲ್ಲಿ 12 ಗುಂಡಿ, ಎರಡೂ ಸೇರಿ 24. ಯಾವುದನ್ನು ಒತ್ತುವುದು, ಯಾವುದನ್ನು ಬಿಡುವುದು ಎಂಬ ಲೆಕ್ಕ 1.67 ಕೋಟಿ ದಾಟುತ್ತದೆ. ಎಷ್ಟು ಸಾವಿರ ಮಕ್ಕಳು ಎಷ್ಟು ವರ್ಷ ಆಡಿದರೂ ಅದು ಅಕಸ್ಮಾತ್ತಾಗಿ ಸಿಗುವಂಥದ್ದಲ್ಲ. ಅಂಥದ್ದನ್ನು ಹುಡುಕುವ ದಾರಿ ಪ್ರೋಗ್ರಾಂ ಒಳಗೆ ಕಣ್ಣಾಡಿಸಿ, ‘ಈ ಗುಂಡಿ ಒತ್ತಿದೆಯೇ ಎಂದು ಇಲ್ಲಿ ಯಾಕೆ ಕೇಳುತ್ತಿದೆ?’ ಎಂದು ಬೆನ್ನು ಹತ್ತುವುದು.

ಹಾಗೆಂದು ಎಲ್ಲ ಗುಟ್ಟೂ ಕೋಡ್‌ನ ಆಳದಲ್ಲೇ ಇರುತ್ತದೆ ಎಂದುಕೊಳ್ಳಬೇಡಿ. ಇದೇ ಸರಣಿಯ 1987ರ ಪಂಚ್-ಔಟ್‌ನಲ್ಲಿ ರಿಂಗ್‌ನ ಹಿಂದೆ ಪ್ರೇಕ್ಷಕರು ಕೂತಿದ್ದಾರೆ. ಅವರಲ್ಲೊಬ್ಬ ಗಡ್ಡದವನು. ಕೆಲವು ಪಂದ್ಯಗಳಲ್ಲಿ, ಯಾವ ಗಳಿಗೆಗೆ ಗುದ್ದಿದರೆ ಎದುರಾಳಿ ಒಂದೇ ಏಟಿಗೆ ಬೀಳುತ್ತಾನೋ ಸರಿಯಾಗಿ ಆ ಗಳಿಗೆಗೆ ಇವನು ತಲೆ ತಗ್ಗಿಸುತ್ತಾನೆ. ಇದನ್ನು ಜನ ಗಮನಿಸಿದ್ದು 2016ರಲ್ಲಿ, 29 ವರ್ಷದ ನಂತರ. ಪ್ರತಿ ಪಂದ್ಯದಲ್ಲೂ ಕಣ್ಣೆದುರಿಗೇ ಇದ್ದ. ಗುದ್ದು ತಪ್ಪಿಸಿಕೊಳ್ಳುವ ಗಡಿಬಿಡಿಯಲ್ಲಿ ಪ್ರೇಕ್ಷಕರ ಕಡೆ ನೋಡಲು ಯಾರಿಗೆ ಪುರಸೊತ್ತು?

ಇವಕ್ಕಿಂತ ಹೆಚ್ಚು ಕಾಲ ಉಳಿದ ಗುಟ್ಟೂ ಇದೆ. 1977ರಲ್ಲಿ ಅಟಾರಿ ಕಂಪನಿ ತಂದ ಸ್ಟಾರ್‌ಶಿಪ್ 1 ಎಂಬ, ನಾಣ್ಯ ಹಾಕಿ ಆಡುವ ಆರ್ಕೇಡ್ ಆಟದಲ್ಲಿ, ಗುಂಡಿಗಳನ್ನು ಒಂದು ನಿರ್ದಿಷ್ಟ ಕ್ರಮದಲ್ಲಿ ಒತ್ತಿದರೆ ‘ಹಾಯ್ ರಾನ್!’ ಎಂಬ ಸಾಲು ಮೂಡಿ ಹತ್ತು ಆಟ ಪುಕ್ಕಟೆ ಸಿಗುತ್ತಿತ್ತು. ಅದನ್ನು ಬರೆದ ರಾನ್ ಮಿಲ್ನರ್ ಅವರಿಗೇ ಆ ಕ್ರಮ ಮರೆತುಹೋಗಿತ್ತು. ಎಡ್ ಫ್ರೈಸ್ ಎಂಬುವರು ಹಳೆಯ ಪ್ರೋಗ್ರಾಂ ಓದಿ ಅದನ್ನು ಪತ್ತೆ ಮಾಡಿದ್ದು 2017ರಲ್ಲಿ. ಆ ಕಾಲದಲ್ಲಿ ಆಟ ಬರೆದವರ ಹೆಸರನ್ನು ಅಟಾರಿ ಪೆಟ್ಟಿಗೆಯ ಮೇಲಾಗಲಿ ಪರದೆಯ ಮೇಲಾಗಲಿ ಹಾಕುತ್ತಿರಲಿಲ್ಲ. ಅಡ್ವೆಂಚರ್ ಆಟ ಬರೆದ ವಾರನ್ ರಾಬಿನೆಟ್ ತಮ್ಮ ಹೆಸರನ್ನು ಒಂದು ಗುಪ್ತ ಕೋಣೆಯಲ್ಲಿ ಅಡಗಿಸಿಟ್ಟು, ಯಾರಿಗೂ ಹೇಳದೆ ಕೆಲಸ ಬಿಟ್ಟರು. ಆ ಕೋಣೆಯ ಬಾಗಿಲು ತೆರೆಯುವುದು ಹಿನ್ನೆಲೆಯ ಬಣ್ಣದ್ದೇ ಆದ ಒಂದೇ ಒಂದು ಚುಕ್ಕಿ. 1980ರಲ್ಲಿ ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಹದಿನೈದು ವರ್ಷದ ಹುಡುಗನೊಬ್ಬ ಕಂಡುಹಿಡಿದು ಕಂಪನಿಗೆ ಕಾಗದ ಬರೆದ. ಈ ಹುಡುಗನ ಕಥೆ ನನಗೆ ಯಾವಾಗಲೂ ನೆನಪಾಗುತ್ತದೆ, ಏಕೆಂದರೆ ಅವನೂ ಮೊದಲು ಎಷ್ಟು ಜನರ ಹತ್ತಿರ ಬುರುಡೆ ಅನ್ನಿಸಿಕೊಂಡಿದ್ದನೋ!

ಹಾಗಾದರೆ ಕೇಳಿದ್ದೆಲ್ಲ ನಿಜವೇ? ಖಂಡಿತ ಅಲ್ಲ. 1996ರ ಸೂಪರ್ ಮಾರಿಯೋ 64 ಬಂದಾಗ, ಕೋಟೆಯ ಹಿತ್ತಲಲ್ಲಿರುವ ಕಾರಂಜಿಯ ಮಸುಕು ಫಲಕದಲ್ಲಿ ‘ಎಲ್ ಈಸ್ ರಿಯಲ್ 2401’ ಎಂದು ಬರೆದಿದೆ, ಅಂದರೆ ಮಾರಿಯೋನ ತಮ್ಮ ಲುಯಿಜಿ ಆಟದೊಳಗೆ ಎಲ್ಲೋ ಅಡಗಿದ್ದಾನೆ ಎಂದು ಸುದ್ದಿ ಹಬ್ಬಿತು. ಮಕ್ಕಳು ಕಾರಂಜಿಯ ಸುತ್ತ ಸಾವಿರ ಸುತ್ತು ಓಡಿದರು. ಮಾರಾಟವಾದ ಆಟದಲ್ಲಿ ಲುಯಿಜಿ ಇಲ್ಲ. ಮಸುಕು ಚಿತ್ರವನ್ನು ಕಣ್ಣು ತನಗೆ ಬೇಕಾದಂತೆ ಓದಿಕೊಂಡಿತ್ತು, ಅಷ್ಟೆ. ಆದರೆ 2020ರ ಜುಲೈನಲ್ಲಿ ಮಾರಿಯೋ ಆಟದ ಕಂಪನಿ ನಿಂಟೆಂಡೊದ ಹಳೆಯ ಕಡತಗಳು ಸೋರಿಕೆಯಾದಾಗ, ಅವುಗಳಲ್ಲಿ ಲುಯಿಜಿಯ ಆಕೃತಿ ಇತ್ತು. ಆಟ ತಯಾರಾಗುವಾಗ ಅವನಿದ್ದ, ಕೊನೆಗೆ ತೆಗೆದಿದ್ದರು. ವದಂತಿ ಸುಳ್ಳು, ಅದರ ಹಿಂದಿನ ಆಸೆಗೆ ಮಾತ್ರ ಆಧಾರವಿತ್ತು. ಇಂಥ ಸುದ್ದಿ ಕಿವಿಗೆ ಬಿದ್ದಾಗ ಮಗಳಿಗೆ ಒಂದೇ ಪರೀಕ್ಷೆ ಹೇಳಿಕೊಡಿ: ಯಾವ ಗುಂಡಿ, ಎಲ್ಲಿ ನಿಂತು, ಯಾವಾಗ ಒತ್ತಬೇಕು ಎಂದು ಹೇಳಿದ್ದಾರೆಯೇ? ಬೇರೊಬ್ಬರು ಬೇರೊಂದು ಯಂತ್ರದಲ್ಲಿ ಹಾಗೇ ಮಾಡಿದಾಗ ಅದೇ ಬಂತೇ? ‘ಸಾವಿರ ಸಲ ಸುತ್ತಬೇಕು’, ‘ನಸೀಬಿದ್ದರೆ ಸಿಗುತ್ತದೆ’ ಎನ್ನುವ ಕಥೆಗಳಿಗೆ ಈ ಪರೀಕ್ಷೆ ದಾಟುವುದು ಕಷ್ಟ.

ಇನ್ನು ಅಟ್ಟದ ಯಂತ್ರ. ಚಾಲೂ ಮಾಡಬಹುದು, ಆದರೆ ಇಳಿಸಿದ ಕೂಡಲೇ ಪ್ಲಗ್ ಹಾಕಬೇಡಿ. ನನ್ನ ಬಳಿಗೆ ಬರುವ ಸತ್ತ ಯಂತ್ರಗಳಲ್ಲಿ ಬಹುಪಾಲು ವಯಸ್ಸಾಗಿ ಸತ್ತವಲ್ಲ, ಮನೆಯಲ್ಲಿ ಸಿಕ್ಕ ಯಾವುದೋ ಅಡಾಪ್ಟರ್ ಚುಚ್ಚಿ ಸತ್ತವು. ಪಿನ್ ಹಿಡಿಸಿತು ಎಂದ ಮಾತ್ರಕ್ಕೆ ಅದು ಸರಿಯಾದ ಅಡಾಪ್ಟರ್ ಅಲ್ಲ. ಈ ಬಗೆಯ ಯಂತ್ರಗಳಲ್ಲಿ ಕೆಲವಕ್ಕೆ ಪಿನ್‌ನ ನಡುಭಾಗ ಮೈನಸ್ ಇರಬೇಕು, ಈಗಿನ ಬಹುತೇಕ ಅಡಾಪ್ಟರ್‌ಗಳಲ್ಲಿ ನಡುಭಾಗ ಪ್ಲಸ್. ಯಂತ್ರದ ತಳದಲ್ಲಿ ವೋಲ್ಟ್ ಮತ್ತು ಪ್ಲಸ್-ಮೈನಸ್ ಗುರುತು ಇರುತ್ತದೆ, ಅಳಿಸಿಹೋಗಿದ್ದರೆ ಟಿವಿ ರಿಪೇರಿಯವರಿಗೆ ತೋರಿಸಿ. ಮುಚ್ಚಳ ಬಿಚ್ಚಿ, ಉಬ್ಬಿದ ಕೆಪಾಸಿಟರ್ ಇದೆಯೇ ಎಂದು ಅವರು ಒಂದು ನೋಟದಲ್ಲೇ ಹೇಳುತ್ತಾರೆ. ಇವೆಲ್ಲ ಕೊಂಡು ತರುವುದಕ್ಕೆ ಕಷ್ಟವಾದ ಭಾಗಗಳೂ ಅಲ್ಲ.

ಕ್ಯಾಸೆಟ್‌ಗೆ ಬಾಯಿಂದ ಊದಬೇಡಿ. ನಾವೆಲ್ಲ ಊದುತ್ತಿದ್ದೆವು, ಆಟ ಬರುತ್ತಲೂ ಇತ್ತು. ಬರುತ್ತಿದ್ದುದು ಊದಿದ್ದರಿಂದಲ್ಲ, ತೆಗೆದು ಮತ್ತೆ ಹಾಕಿದ್ದರಿಂದ. ಉಸಿರಿನ ತೇವ ಆ ಪಿನ್‌ಗಳಿಗೆ ಕಿಲುಬು ಹಿಡಿಸುತ್ತದೆ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಇಯರ್ ಬಡ್ ಅದ್ದಿ ಪಿನ್ ಒರೆಸಿ, ಚೆನ್ನಾಗಿ ಆರಿದ ಮೇಲೆ ಹಾಕಿ. ಮತ್ತೊಂದು ಮಾತು: ಆಟ ನಡೆಯುತ್ತಿರುವಾಗಲೇ ಮಾರಿಯೋ ಕ್ಯಾಸೆಟ್ ಕಿತ್ತು, ಟೆನಿಸ್ ಆಟದ ಕ್ಯಾಸೆಟ್ ಹಾಕಿ ಸ್ವಲ್ಪ ಆಡಿ, ಮತ್ತೆ ಮಾರಿಯೋ ಹಾಕುವ ಒಂದು ತಂತ್ರ ಜಪಾನಿನಲ್ಲಿ ಹೆಸರುವಾಸಿ. ಟೆನಿಸ್‌ನಲ್ಲಿ ಇಟ್ಟ ಹೆಜ್ಜೆಗಳ ಎಣಿಕೆ ಯಂತ್ರದ ನೆನಪಿನಲ್ಲಿ ಕೂರುವ ಜಾಗ, ಮಾರಿಯೋ ತಾನು ಶುರುಮಾಡಬೇಕಾದ ಲೋಕವನ್ನು ಬರೆದಿಟ್ಟುಕೊಳ್ಳುವ ಜಾಗ, ಎರಡೂ ಒಂದೇ. ಹಾಗಾಗಿ ಒಂಬತ್ತನೇ ಲೋಕ ಮೊದಲ್ಗೊಂಡು ಚಿತ್ರವಿಚಿತ್ರ ಲೋಕಗಳು ತೆರೆಯುತ್ತವೆ. ಅದು ನಿಜ, ಆದರೂ ಮಗಳಿಗೆ ಮಾಡಲು ಬಿಡಬೇಡಿ. ವಿದ್ಯುತ್ ಹರಿಯುವಾಗ ಪಿನ್‌ಗಳು ಓರೆಯಾಗಿ ತಾಕಿದರೆ ಯಂತ್ರ, ಕ್ಯಾಸೆಟ್ ಎರಡೂ ಹೋಗಬಹುದು. ಅದರ ಬದಲು ಅಪಾಯವಿಲ್ಲದ ಇದನ್ನು ತೋರಿಸಿ: ಗೇಮ್ ಓವರ್ ಆದ ಮೇಲೆ ಮೊದಲ ಪರದೆಯಲ್ಲಿ ಎ ಗುಂಡಿ ಹಿಡಿದುಕೊಂಡೇ ಸ್ಟಾರ್ಟ್ ಒತ್ತಿದರೆ, ಸತ್ತ ಲೋಕದ ಮೊದಲ ಹಂತದಿಂದಲೇ ಆಟ ಮುಂದುವರಿಯುತ್ತದೆ. ಪ್ರತಿಸಲ 1-1ರಿಂದ ಶುರುಮಾಡಿ ಬೇಸಿಗೆ ರಜೆ ಕಳೆದ ನಮ್ಮ ತಲೆಮಾರಿನ ಎಷ್ಟೋ ಮಂದಿಗೆ ಇದೇ ಗೊತ್ತಿರಲಿಲ್ಲ.

ಆ ಆ್ಯಪ್ ಹಾಕಿಕೊಡಬೇಡಿ. ನಾನು ಮೇಲೆ ಹೇಳಿದ 40 ಕಿಲೊಬೈಟ್ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಮಾರಿಯೋ ಆಟದ ಕಡತ ಎಮ್ಯುಲೇಟರ್‌ಗೆ, ಎಂದರೆ ಹಳೆಯ ಯಂತ್ರದಂತೆ ನಡೆದುಕೊಳ್ಳುವ ಪ್ರೋಗ್ರಾಂಗೆ, ಬೇಕಾದ ತಲೆಪಟ್ಟಿ ಸೇರಿ 40,976 ಬೈಟ್, ಅದಕ್ಕಿಂತ ಒಂದು ಬೈಟ್ ಹೆಚ್ಚಿಲ್ಲ. ‘ರಹಸ್ಯ ತೆರೆದ’ ಆವೃತ್ತಿ ಎಂದು ಹತ್ತಾರು ಮೆಗಾಬೈಟ್ ಇಳಿಸಿಕೊಂಡು, ಕಾಂಟ್ಯಾಕ್ಟ್ ನೋಡಲೇ, ಎಸ್ಸೆಮ್ಮೆಸ್ ಓದಲೇ ಎಂದು ಕೇಳುವ ಆ್ಯಪ್‌ಗೆ ಮಾರಿಯೋ ಬರೀ ವೇಷ. ಎಸ್ಸೆಮ್ಮೆಸ್ ಓದುವ ಅನುಮತಿ ಕೊಟ್ಟರೆ ನಿಮ್ಮ ಬ್ಯಾಂಕಿನ ಒಟಿಪಿಯನ್ನೂ ಕೊಟ್ಟಂತೆ. ಇನ್ನು ಮೈನಸ್ ವರ್ಲ್ಡ್‌ಗೆ ‘ತೆರೆಯುವ’ ಮಾತೇ ಇಲ್ಲ, ಅದು ಮೂಲ ಆಟದಲ್ಲೇ ಇದೆ.

ಎಮ್ಯುಲೇಟರ್ ಬಳಸುವುದರಲ್ಲಿ ತಪ್ಪೇನಿಲ್ಲ. ಆದರೆ ಆಟದ ಕಾಪಿರೈಟ್ ಇನ್ನೂ ನಿಂಟೆಂಡೊ ಕೈಯಲ್ಲಿದೆ, ಸಿಕ್ಕಲ್ಲಿಂದ ಇಳಿಸಿಕೊಳ್ಳುವುದು ಅದರ ಉಲ್ಲಂಘನೆಯೇ. ಕಾನೂನಿನ ಪ್ರಕಾರ ಸರಿಯಾದ ದಾರಿ ನಿಂಟೆಂಡೊ ಸ್ವಿಚ್, ಅದರ ಆನ್‌ಲೈನ್ ಚಂದಾದಲ್ಲಿ ಸೂಪರ್ ಮಾರಿಯೋ ಬ್ರದರ್ಸ್, ಸೂಪರ್ ಪಂಚ್-ಔಟ್ ಎರಡೂ ಇವೆ, ನಾನು ಹೇಳಿದ ತಂತ್ರಗಳು ಅಲ್ಲೂ ನಡೆಯುತ್ತವೆ. ಖರ್ಚು ಮಾತ್ರ ಸಣ್ಣದಲ್ಲ. ಒಂದು ಗೋಡೆ ದಾಟುವುದಕ್ಕಾಗಿ ಅಷ್ಟು ಹಣ ಹಾಕಿ ಎಂದು ನಾನು ಹೇಳಲಾರೆ. ಸ್ನೇಹಿತರ ಮನೆಯಲ್ಲಿದ್ದರೆ ಒಂದು ಭಾನುವಾರ ಹೋಗಿ ಬನ್ನಿ.

ಹೊಸ ಗುಟ್ಟು ಇನ್ನೂ ಉಳಿದಿದೆಯೇ ಎಂದು ಮಗಳು ಕೇಳಿಯೇ ಕೇಳುತ್ತಾಳೆ. ಸೂಪರ್ ಮಾರಿಯೋ ಬ್ರದರ್ಸ್‌ನ ಪ್ರೋಗ್ರಾಂ ಅನ್ನು ಸಾಲುಸಾಲಾಗಿ ಬಿಡಿಸಿ ಓದಿಯಾಗಿದೆ. ಬೇಕೆಂದು ಅಡಗಿಸಿಟ್ಟದ್ದು ಅದರಲ್ಲಿ ಇನ್ನು ಸಿಗುವ ಹಾಗಿಲ್ಲ. ಆದರೆ ನಿಮ್ಮ ಹಳದಿ ಕ್ಯಾಸೆಟ್‌ನ ವಿಷಯ ಬೇರೆ. ಅದನ್ನು ಬಿಚ್ಚಿದರೆ ಮುಕ್ಕಾಲು ಪಾಲು ಖಾಲಿ ಡಬ್ಬಿ, ನಡುವೆ ಅಂಗೈಗಿಂತ ಚಿಕ್ಕ ಹಲಗೆ, ಅದರ ಮೇಲೆ ಟಾರಿನ ಹನಿಯಂಥ ಕಪ್ಪು ಗುಂಡು. ಚಿಪ್ ಅದರೊಳಗೆ ಹೂತಿರುತ್ತದೆ, ಮೇಲೆ ನಂಬರೂ ಇಲ್ಲ, ಮಾಡಿದವರ ಹೆಸರೂ ಇಲ್ಲ. ಯಾವ ಆಟವನ್ನು ಯಾರು ತಿದ್ದಿದರು, ಯಾವ ನಂಬರ್ ಒತ್ತಿದರೆ ಎಲ್ಲಿಂದ ಶುರುವಾಗುತ್ತದೆ ಎಂಬುದು ಆಡಿ ನೋಡಿಯೇ ತಿಳಿಯಬೇಕು. ಆದ್ದರಿಂದ ಎಸೆಯಬೇಡಿ, ಗುಜರಿಗೂ ಹಾಕಬೇಡಿ. ಯಂತ್ರ ಚಾಲೂ ಆದ ದಿನ ಮೆನುವಿನ ಒಂದೊಂದು ಪುಟವನ್ನೂ ಫೋನಿನಲ್ಲಿ ಫೋಟೊ ತೆಗೆದಿಡಿ. ಮಾರಿಯೋ ಹೆಸರಿರುವ ನಂಬರ್‌ಗಳನ್ನು ಮಗಳು ಒಂದೊಂದಾಗಿ ಒತ್ತಿ, ಯಾವುದು ಯಾವ ಲೋಕದಿಂದ ಶುರುವಾಗುತ್ತದೆ ಎಂದು ನೋಟ್‌ಬುಕ್‌ನಲ್ಲಿ ಬರೆಯಲಿ. ಎಂಟಕ್ಕಿಂತ ದೊಡ್ಡ ಅಂಕಿಯೋ, ಅಂಕಿಯ ಜಾಗದಲ್ಲಿ ಖಾಲಿಯೋ, ಯಾವುದೋ ಅಕ್ಷರವೋ ಕಂಡರೆ ಆ ಪರದೆಯ ಫೋಟೊ ನನಗೆ ಕಳಿಸಿ, ಯಾವ ನಕ್ಷೆ ಅದು ಎಂದು ಹುಡುಕಿ ಹೇಳುತ್ತೇನೆ.